ಹೊಸ ಟಿವಿ, ಹಳೆಯ ಹೋಂ ಥಿಯೇಟರ್: ಜೋಡಣೆಯ ಗುಣದೋಷ

ಹೊಸ ಸ್ಮಾರ್ಟ್ ಟಿವಿಯ ಧ್ವನಿಯನ್ನು ಮನೆಯಲ್ಲಿ ಮೊದಲೇ ಇರುವ ಹೋಂ ಥಿಯೇಟರಿನ ಮೂಲಕ ಕೇಳುವ ರೂಢಿ ಕೃಷ್ಣಾ-ಘಟಪ್ರಭೆಗಳ ದಂಡೆಯ ಹಿಪ್ಪರಗಿ, ರಬಕವಿ-ಬನಹಟ್ಟಿ, ಜಮಖಂಡಿ, ಮುಧೋಳ, ಬೀಳಗಿ ಸೀಮೆಗೂ ಹೊಸದಲ್ಲ. ಇದಕ್ಕೆ ತಕ್ಕ ಕಾರಣವಿದೆ. ಟಿವಿ ತೆಳುವಾದಷ್ಟೂ ಅದರ ಸ್ಪೀಕರಿಗೆ ಜಾಗ ಕಡಿಮೆಯಾಗಿದೆ. ಬಹುತೇಕ ಟಿವಿಗಳಲ್ಲಿ ಸ್ಪೀಕರು ಕೆಳಮುಖವಾಗಿಯೋ ಗೋಡೆಯ ಕಡೆಗೋ ಇರುತ್ತದೆ, ಮಾತು ನೋಡುಗನಿಗೆ ನೇರವಾಗಿ ತಲುಪುವುದಿಲ್ಲ. ಡಿವಿಡಿ ಕಾಲದ ಸೆಟ್ಟಿನಲ್ಲಾದರೆ ಐದು ಬಾಕ್ಸು, ಒಂದು ವೂಫರ್ ಮತ್ತು ಅವನ್ನು ನಡೆಸುವಷ್ಟು ಶಕ್ತಿಯ ಆಂಪ್ಲಿಫೈಯರ್ ಇರುತ್ತವೆ. ಹೀಗಾಗಿ ಹಳೆಯ ಸೆಟ್ಟನ್ನು ಉಳಿಸಿಕೊಳ್ಳುವ ವಿಚಾರ ಸರಿಯಾದದ್ದೇ. ದೋಷ ಇರುವುದು ಜೋಡಿಸುವ ಬಗೆಯಲ್ಲಿ. ಹೆಚ್ಚಿನ ಕಡೆ ಕೈಗೆ ಸಿಕ್ಕ ವಾಯರಿನಿಂದ ಧ್ವನಿ ಬಂದರೆ ಕೆಲಸ ಮುಗಿಯಿತು ಎಂದುಕೊಳ್ಳಲಾಗುತ್ತದೆ. ಆದರೆ ಫಲವನ್ನು ನಿರ್ಧರಿಸುವುದು ಹಳೆಯ ಸೆಟ್ಟಿನೊಳಗಿನ ಡಿಕೋಡರ್ ಯಾವ ಬಗೆಯ ಸಿಗ್ನಲ್ಲನ್ನು ಬಿಡಿಸಬಲ್ಲದು ಎಂಬುದು. ವಾಯರಿನ ಬೆಲೆಯಾಗಲಿ ಟಿವಿಯ ಹೊಸತನವಾಗಲಿ ಅದನ್ನು ಬದಲಿಸಲಾರವು.

ಹಳೆಯ ಸೆಟ್ಟುಗಳಲ್ಲಿ ಮುಖ್ಯವಾಗಿ ಮೂರು ಬಗೆ. ಮೊದಲನೆಯದು ಡಿವಿಡಿ ಪ್ಲೇಯರ್ ಒಳಗೇ ಇರುವ ಕಂಪನಿ ಸೆಟ್ಟು. ಡಾಲ್ಬಿ ಡಿಜಿಟಲ್ ಮತ್ತು ಡಿಟಿಎಸ್ ಎಂಬ, ಹಲವು ಚಾನೆಲ್ಲುಗಳನ್ನು ಒತ್ತಿ ಕಟ್ಟಿದ ಧ್ವನಿರೂಪಗಳೆರಡನ್ನೂ ಬಿಡಿಸುವ ಶಕ್ತಿ ಇದಕ್ಕಿದೆ, ಆದರೆ ಆ ಶಕ್ತಿ ಬಹಳ ಸಲ ಒಳಗಿನ ಡಿಸ್ಕಿಗೆ ಮಾತ್ರ ಮೀಸಲು. ಹೊರಗಿನಿಂದ ಡಿಜಿಟಲ್ ಸಿಗ್ನಲ್ ತೆಗೆದುಕೊಳ್ಳುವ ತೂತು ಎಲ್ಲ ಮಾದರಿಗಳಲ್ಲೂ ಇಲ್ಲ. ಎರಡನೆಯದು ಕಂಪ್ಯೂಟರಿಗೂ ಟಿವಿಗೂ ಹಚ್ಚುವ ಅಗ್ಗದ 5.1 (ಐದು ಬಾಕ್ಸು, ಒಂದು ವೂಫರ್) ಬಾಕ್ಸುಗಳು. ಇವುಗಳಲ್ಲಿ ಆರು ಪಿನ್ನಿನ ಜಾಗವಿದ್ದರೂ ಸಾಮಾನ್ಯವಾಗಿ ಡಿಕೋಡರ್ ಇರುವುದಿಲ್ಲ. ಬೇರೆಡೆ ಬಿಡಿಸಿಕೊಟ್ಟ ಆರು ಧ್ವನಿಗಳನ್ನು ದೊಡ್ಡದು ಮಾಡುವುದಷ್ಟೇ ಇವುಗಳ ಕೆಲಸ. ಮೂರನೆಯದು ಬಿಡಿ ಸ್ಪೀಕರುಗಳ ಜೊತೆಗಿನ ಎವಿ ರಿಸೀವರ್. ಸಂಖ್ಯೆಯಲ್ಲಿ ಕಡಿಮೆ, ಜೋಡಣೆಗೆ ಅನುಕೂಲ ಹೆಚ್ಚು; ಆಪ್ಟಿಕಲ್ ಮತ್ತು ಕೊಯಾಕ್ಸಿಯಲ್ ಪ್ರವೇಶಗಳು ಹಳೆಯ ರಿಸೀವರುಗಳಲ್ಲೂ ಇರುತ್ತವೆ.

ಎಲ್ಲಕ್ಕಿಂತ ಹೆಚ್ಚು ಬಳಕೆಯಲ್ಲಿರುವ ದಾರಿ ಕೆಂಪು-ಬಿಳಿ ಪಿನ್ನಿನ ವಾಯರ್. ಟಿವಿಯ ಹೆಡ್‌ಫೋನ್ ತೂತಿನಿಂದ ಅಥವಾ ಡಿಶ್ ಬಾಕ್ಸಿನ ಎವಿ ಔಟಿನಿಂದ ಸೆಟ್ಟಿನ ಆಕ್ಸ್ ಇನ್ನಿಗೆ ಅದನ್ನು ಎಳೆಯಲಾಗುತ್ತದೆ. ಇದನ್ನು ಕೀಳು ಎಂದು ತಳ್ಳಿಹಾಕುವಂತಿಲ್ಲ. ಡಿಡಿ ಫ್ರೀ ಡಿಶ್ಶಿನಲ್ಲಿ ಬರುವ ಚಂದನದಂಥ ವಾಹಿನಿಗಳ ಧ್ವನಿ ಎರಡು ಚಾನೆಲ್ಲಿನದೇ. ಶ್ರೀಕೃಷ್ಣ ಪಾರಿಜಾತದಂಥ ಜಾನಪದ ಆಟಗಳು ಮನೆ ಸೇರಿದ ವಿಸಿಡಿಗಳಲ್ಲೂ ಎರಡಕ್ಕಿಂತ ಹೆಚ್ಚು ಚಾನೆಲ್ಲಿಗೆ ಅವಕಾಶವಿರಲಿಲ್ಲ. ಇಂಥ ಸಾಮಗ್ರಿಗೆ ಎರಡು ಪಿನ್ನಿನ ವಾಯರ್ ಸಾಕು, ಹೆಚ್ಚು ಬೆಲೆಯ ದಾರಿಯಿಂದ ಹೊಸದೇನೂ ಸಿಗುವುದಿಲ್ಲ. ಹೆಡ್‌ಫೋನ್ ತೂತನ್ನೇ ಬಳಸಬೇಕಾದಾಗ ಟಿವಿಯ ವಾಲ್ಯೂಮನ್ನು ಮುಕ್ಕಾಲಿನ ಸುಮಾರಿಗೆ ನಿಲ್ಲಿಸಿ, ಏರಿಳಿತವನ್ನೆಲ್ಲ ಸೆಟ್ಟಿನಲ್ಲಿ ಮಾಡಬೇಕು. ಟಿವಿಯಲ್ಲಿ ತೀರ ಕಡಿಮೆ ಇಟ್ಟು ಸೆಟ್ಟಿನಲ್ಲಿ ಪೂರ್ತಿ ಏರಿಸಿದರೆ ಮಾತಿನ ಜೊತೆ ಸುಯ್ಯೆನ್ನುವ ಸದ್ದೂ ಏರುತ್ತದೆ.

ಈ ದಾರಿಯ ಕೊರತೆ ತಿಳಿಯುವುದು ಸಿನಿಮಾ ನೋಡುವಾಗ. ಎರಡು ಪಿನ್ನಿನಲ್ಲಿ ಬಂದದ್ದನ್ನು ಐದೂ ಬಾಕ್ಸುಗಳಿಗೆ ಹಂಚಿ ಅದನ್ನೇ 5.1 ಎಂದು ನಂಬುವುದು ವ್ಯಾಪಕವಾದ ತಪ್ಪು. ಡಾಲ್ಬಿ ಪ್ರೊ ಲಾಜಿಕ್ 2 ಇರುವ ಸೆಟ್ಟು ಎರಡು ಚಾನೆಲ್ಲುಗಳಲ್ಲಿ ಸಮನಾಗಿರುವ ಅಂಶವನ್ನು ನಡುವಿನ ಬಾಕ್ಸಿಗೆ ಕಳಿಸಿ ಮಾತನ್ನು ಒಂದಿಷ್ಟು ಬೇರೆ ಮಾಡುತ್ತದೆ. ಅಗ್ಗದ ಸೆಟ್ಟುಗಳು ಒಂದೇ ಧ್ವನಿಯನ್ನು ಎಲ್ಲ ಕಡೆ ನುಡಿಸುತ್ತವೆ. ಹಿಂದಿನಿಂದಲೂ ಮಾತು ಕೇಳಿಬರುವುದರಿಂದ ಸ್ಪಷ್ಟತೆ ಹೆಚ್ಚುವ ಬದಲು ಕೆಡುತ್ತದೆ.

ಬನಹಟ್ಟಿ, ರಬಕವಿಯಂಥ ನೇಕಾರರ ಊರುಗಳಲ್ಲಿ ಮಾತಿನ ಈ ಸ್ಪಷ್ಟತೆಗೆ ವಿಶೇಷ ಮಹತ್ವವಿದೆ. ವಿದ್ಯುತ್ ಮಗ್ಗದ ಸದ್ದು ಕೇಳುವ ಮನೆಯಲ್ಲಿ, ಪತ್ರಾಸಿನ ಮಾಡು ಮತ್ತು ಫರಸಿ ನೆಲದ ಕೋಣೆಯಲ್ಲಿ, ಮೊದಲು ಮುಳುಗುವುದು ಮಾತು. ಗಟ್ಟಿ ಗೋಡೆ ಮತ್ತು ನೆಲಗಳು ಧ್ವನಿಯನ್ನು ಮರಳಿಸಿ ಅಕ್ಷರಗಳನ್ನು ಒಂದರ ಮೇಲೊಂದು ಬೀಳಿಸುತ್ತವೆ. ಸಿನಿಮಾದ 5.1 ಮುದ್ರಣದಲ್ಲಿ ಸಂಭಾಷಣೆ ಬಹುಪಾಲು ನಡುವಿನ ಚಾನೆಲ್ಲಿನಲ್ಲಿಯೇ ಇರುತ್ತದೆ. ಅದು ಬೇರೆಯಾಗಿ ಬಂದರೆ ಹಾಡು, ಹೊಡೆದಾಟ ಏರಿಸದೆ ಮಾತನ್ನಷ್ಟೇ ಏರಿಸಬಹುದು. ನಿಜವಾದ 5.1 ಜೋಡಣೆಯ ದೊಡ್ಡ ಲಾಭ ಇದು. ಹೆಲಿಕಾಪ್ಟರ್ ತಲೆಯ ಹಿಂದೆ ಹಾರಿದಂತೆ ಕೇಳುವುದು ಅದರ ನಂತರದ ಮಾತು.

ಆ ಲಾಭ ಕೊಡುವ ಹಳೆಯ ದಾರಿ ಆಪ್ಟಿಕಲ್ ಕೇಬಲ್. ತೋಷಿಬಾ ಕಂಪನಿ 1983ರಲ್ಲಿ ತಂದ ಈ ಜೋಡಣೆಯಲ್ಲಿ ಧ್ವನಿ ಕೆಂಪು ಬೆಳಕಾಗಿ ಪ್ಲಾಸ್ಟಿಕ್ ಎಳೆಯಲ್ಲಿ ಸಾಗುತ್ತದೆ. ಬಿಚ್ಚಿದ ಪಿಸಿಎಂ ರೂಪದಲ್ಲಾದರೆ ಇದು ಎರಡು ಚಾನೆಲ್ಲುಗಳನ್ನು ಮಾತ್ರ ಒಯ್ಯುತ್ತದೆ. ಒತ್ತಿ ಕಟ್ಟಿದ ಡಾಲ್ಬಿ ಡಿಜಿಟಲ್ ಅಥವಾ ಡಿಟಿಎಸ್ ರೂಪದಲ್ಲಾದರೆ ಪೂರ್ತಿ 5.1 ಒಯ್ಯುತ್ತದೆ. ಕೊಯಾಕ್ಸಿಯಲ್ ದಾರಿಗೂ ಇದೇ ಮಿತಿ. ಅದಕ್ಕೆ ಬೇಕಾದ್ದು 75 ಓಮ್‌ನ ಒಂದೇ ವಾಯರ್, ಹಳೆಯ ಹಳದಿ ವಿಡಿಯೋ ಪಿನ್ನಿನ ವಾಯರೇ ಸಾಕಾಗುತ್ತದೆ. ಆಪ್ಟಿಕಲ್ ಹಚ್ಚುವಾಗ ತುದಿಯ ಪ್ಲಾಸ್ಟಿಕ್ ಟೊಪ್ಪಿಗೆ ತೆಗೆಯುವುದನ್ನು ಮರೆಯುವುದು, ಟಿವಿ ಗೋಡೆಗೆ ಒತ್ತಿದಾಗ ಕೇಬಲ್ ಚೂಪಾಗಿ ಮಡಚುವುದು, ಇವೆರಡು ಸಾಮಾನ್ಯ ತೊಡಕುಗಳು.

ಕೇಬಲ್ ಹಚ್ಚಿದ ಮೇಲೂ ಮುಖ್ಯ ಕೆಲಸ ಟಿವಿಯ ಸೆಟ್ಟಿಂಗಿನಲ್ಲಿ ಉಳಿದಿರುತ್ತದೆ. ಡಿಜಿಟಲ್ ಸೌಂಡ್ ಔಟ್ ಎಂಬಲ್ಲಿ ಪಿಸಿಎಂ ಇದ್ದರೆ ಆಪ್ಟಿಕಲ್ ಇದ್ದೂ ಸಿಗುವುದು ಎರಡೇ ಚಾನೆಲ್. ಓಟಿಟಿ ಆ್ಯಪ್‌ಗಳ 5.1 ಧ್ವನಿ ಸಾಮಾನ್ಯವಾಗಿ ಡಾಲ್ಬಿ ಡಿಜಿಟಲ್ ಪ್ಲಸ್ ರೂಪದಲ್ಲಿರುತ್ತದೆ. ಆಪ್ಟಿಕಲ್ ದಾರಿ ಅದನ್ನು ಒಯ್ಯುವುದಿಲ್ಲ, ಹಳೆಯ ಡಿಕೋಡರಿಗೂ ಅದು ತಿಳಿಯದು. ಟಿವಿಯೇ ಅದನ್ನು ಹಳೆಯ ಡಾಲ್ಬಿ ಡಿಜಿಟಲ್ಲಿಗೆ ಇಳಿಸಿ ಕಳಿಸಬೇಕು. ಆಟೋ ಅಥವಾ ಡಾಲ್ಬಿ ಡಿಜಿಟಲ್ ಎಂದು ಆರಿಸಿದರೆ ಬಹಳಷ್ಟು ಟಿವಿಗಳು ಇದನ್ನು ಮಾಡುತ್ತವೆ. ಕೆಲವು ಟಿವಿಗಳು ತಮ್ಮ ಆ್ಯಪ್‌ಗಳ ಧ್ವನಿಯನ್ನು 5.1ರಲ್ಲಿ ಕಳಿಸಿ, ಹೊರಗಿನ ಡಿಶ್ ಬಾಕ್ಸಿನಿಂದ ಬಂದದ್ದನ್ನು ಎರಡು ಚಾನೆಲ್ಲಿಗೆ ಇಳಿಸುತ್ತವೆ. ಪರೀಕ್ಷೆ ಸುಲಭ: ಸೆಟ್ಟಿನ ಡಿಸ್‌ಪ್ಲೇಯಲ್ಲಿ ಡಾಲ್ಬಿಯ ಗುರುತು ಬೆಳಗಿದರೆ ಜೋಡಣೆ ಫಲಿಸಿದೆ, ಪಿಸಿಎಂ ಎಂದಿದ್ದರೆ ಇಲ್ಲ.

ಡಿಟಿಎಸ್ ವಿಷಯದಲ್ಲಿ ಹೊಸ ಟಿವಿಯೇ ಹಿಂದೆ ಬಿದ್ದಿರುವುದುಂಟು. ಕೆಲವು ಕಂಪನಿಗಳು ತಮ್ಮ ಹೊಸ ಟಿವಿಗಳಲ್ಲಿ ಡಿಟಿಎಸ್ ಕೊಡುವುದನ್ನು ನಿಲ್ಲಿಸಿದ್ದವು. ಪೆನ್ ಡ್ರೈವಿನ ಸಿನಿಮಾ ಅಂಥ ಟಿವಿಯಲ್ಲಿ ಚಿತ್ರ ತೋರಿಸಿ ಧ್ವನಿ ಕೊಡದಿದ್ದರೆ ದೋಷ ಹಳೆಯ ಸೆಟ್ಟಿನದ್ದಲ್ಲ.

ಡಿಜಿಟಲ್ ತೂತೇ ಇಲ್ಲದ ಸೆಟ್ಟಿಗೆ ಅಂಗಡಿಗಳಲ್ಲಿ ಎರಡು ಬಗೆಯ ಚಿಕ್ಕ ಡಬ್ಬಿಗಳು ಸಿಗುತ್ತವೆ. ಆಪ್ಟಿಕಲ್ಲನ್ನು ಕೆಂಪು-ಬಿಳಿ ಪಿನ್ನಿಗೆ ಇಳಿಸುವ ಅಗ್ಗದ ಡಬ್ಬಿ ಸಾಮಾನ್ಯವಾಗಿ ಪಿಸಿಎಂ ಮಾತ್ರ ಬಲ್ಲದು. ಟಿವಿ ಡಾಲ್ಬಿ ಕಳಿಸಿದರೆ ಅದರಿಂದ ಕರ್ಕಶ ಸದ್ದು ಬರುತ್ತದೆ ಅಥವಾ ಏನೂ ಬರುವುದಿಲ್ಲ. ಡಬ್ಬಿ ಕೆಟ್ಟಿದೆ ಎಂದು ಮರಳಿಸುವ ಮೊದಲು ಟಿವಿಯನ್ನು ಪಿಸಿಎಂಗೆ ಬದಲಿಸಿ ನೋಡಬೇಕು. ಇನ್ನೊಂದು ಡಬ್ಬಿ ಡಾಲ್ಬಿ, ಡಿಟಿಎಸ್ ಎರಡನ್ನೂ ಬಿಡಿಸಿ ಆರು ಪಿನ್ನುಗಳಲ್ಲಿ ಕೊಡುತ್ತದೆ. ಅಗ್ಗದ 5.1 ಬಾಕ್ಸು ನಿಜವಾಗಿ 5.1 ಆಗುವುದು ಇದರಿಂದಲೇ, ಹೀಗಾಗಿ ಕೊಟ್ಟ ಹಣಕ್ಕೆ ಇದು ತಕ್ಕ ಖರೀದಿ. ಡಿವಿಡಿ ಸೆಟ್ಟಿಗೆ ಆರು ಪಿನ್ನಿನ ಪ್ರವೇಶ ಇರುವುದು ಅಪರೂಪ. ಅದರ ಬಾಕ್ಸುಗಳನ್ನು ಬೇರೆ ಆಂಪ್ಲಿಫೈಯರಿಗೆ ಹಚ್ಚುವುದೂ ಜಾಣತನವಲ್ಲ. ಅವುಗಳಲ್ಲಿ ಅನೇಕವು 3 ಓಮ್‌ನವು. 6 ಅಥವಾ 8 ಓಮ್‌ಗೆಂದು ಮಾಡಿದ ಆಂಪ್ಲಿಫೈಯರ್ ಅವುಗಳಿಂದ ಬಿಸಿಯೇರಿ ಕೆಡಬಹುದು.

ಎಚ್‌ಡಿಎಂಐ ದಾರಿಯಲ್ಲಿ ಗೊಂದಲ ಇನ್ನೂ ಹೆಚ್ಚು. 2002ರ ಕೊನೆಗೆ ಬಂದ ಈ ಜೋಡಣೆಯಲ್ಲಿ ಟಿವಿಯಿಂದ ಸೆಟ್ಟಿಗೆ ಧ್ವನಿ ಮರಳಿ ಬರುವ ಎಆರ್‌ಸಿ ಸೌಲಭ್ಯ ಸೇರಿದ್ದು 2009ರ 1.4ನೇ ಆವೃತ್ತಿಯಲ್ಲಿ. ಅದಕ್ಕಿಂತ ಮೊದಲಿನ ಡಿವಿಡಿ ಸೆಟ್ಟಿನ ಹಿಂದಿರುವ ಎಚ್‌ಡಿಎಂಐ ತೂತು ಚಿತ್ರವನ್ನು ಹೊರಗೆ ಕಳಿಸುವುದಕ್ಕೆ ಮಾತ್ರ. ಡಿಶ್ ಬಾಕ್ಸನ್ನು ಅದಕ್ಕೆ ಹಚ್ಚಿದರೆ ಏನೂ ಆಗುವುದಿಲ್ಲ. ತೂತಿನ ಪಕ್ಕದಲ್ಲಿ ಎಆರ್‌ಸಿ ಎಂದು ಬರೆದಿದ್ದರೆ ಟಿವಿಯ ಎಆರ್‌ಸಿ ತೂತಿಗೆ ಒಂದೇ ಕೇಬಲ್ ಸಾಕು, ಟಿವಿಯ ರಿಮೋಟಿನಿಂದಲೇ ಸೆಟ್ಟಿನ ವಾಲ್ಯೂಮೂ ನಡೆಯುತ್ತದೆ. ಇದಕ್ಕೆ ಬೇಕಾದ ಸಿಇಸಿ ಸೌಲಭ್ಯವನ್ನು ಒಂದೊಂದು ಕಂಪನಿ ಒಂದೊಂದು ಹೆಸರಿನಿಂದ ಕರೆದು ಗೊಂದಲ ಹೆಚ್ಚಿಸಿದೆ: ಬ್ರಾವಿಯಾ ಸಿಂಕ್, ಎನಿನೆಟ್ ಪ್ಲಸ್, ಸಿಂಪ್‌ಲಿಂಕ್. ಎಲ್ಲವೂ ಒಂದೇ, ಆದರೆ ಎರಡೂ ಉಪಕರಣಗಳ ಮೆನುವಿನಲ್ಲಿ ಚಾಲೂ ಆಗಿರಬೇಕು. 2017ರಲ್ಲಿ ಬಂದ, ಎಆರ್‌ಸಿಯ ಸುಧಾರಿತ ರೂಪವಾದ ಇಎಆರ್‌ಸಿ ಹಳೆಯ ಸೆಟ್ಟಿಗೆ ಯಾವ ಲಾಭವನ್ನೂ ತರುವುದಿಲ್ಲ. ಟಿವಿಯಲ್ಲಿ ಡಾಲ್ಬಿಯ ಹೊಸ ರೂಪವಾದ ಅಟ್ಮಾಸ್ ಎಂದು ಬರೆದಿರುವುದರಿಂದ ಹಳೆಯ ಐದು ಬಾಕ್ಸುಗಳಿಂದ ಅಟ್ಮಾಸ್ ಕೇಳಿಸದು.

ಹಳೆಯ ರಿಸೀವರಿನ ಮೂಲಕ ಚಿತ್ರವನ್ನೂ ಹಾಯಿಸುವುದು ತಪ್ಪು ಕ್ರಮ. 60 ಹರ್ಟ್ಜ್‌ನ 4ಕೆ ಚಿತ್ರ ಸಾಗಿಸುವ ಶಕ್ತಿ ಎಚ್‌ಡಿಎಂಐಗೆ ಬಂದದ್ದು 2013ರ 2.0 ಆವೃತ್ತಿಯಿಂದ. ಜೊತೆಗೆ ಎಚ್‌ಡಿಸಿಪಿ 2.2 ಎಂಬ ನಕಲು ತಡೆಯ ಬೀಗವನ್ನು ದಾರಿಯಲ್ಲಿರುವ ಪ್ರತಿಯೊಂದು ಉಪಕರಣವೂ ಒಪ್ಪಬೇಕು. ನಡುವೆ ಹಳೆಯ ರಿಸೀವರ್ ಇದ್ದರೆ ಪರದೆ ಕಪ್ಪಾಗುತ್ತದೆ, ಇಲ್ಲವೇ ಚಿತ್ರದ ದರ್ಜೆ ಇಳಿಯುತ್ತದೆ. ಚಿತ್ರದ ಮೂಲಗಳನ್ನೆಲ್ಲ ಟಿವಿಗೇ ಹಚ್ಚಿ, ಧ್ವನಿಯನ್ನು ಅಲ್ಲಿಂದ ಹೊರತೆಗೆಯುವುದೇ ಒಳ್ಳೆಯದು. ಟಿವಿ 5.1 ಬಿಟ್ಟುಕೊಡದಿದ್ದರೆ ಮಾತ್ರ ಡಿಶ್ ಬಾಕ್ಸ್ ಮತ್ತು ಟಿವಿಯ ನಡುವೆ ಎಚ್‌ಡಿಎಂಐ ಎಕ್ಸ್‌ಟ್ರಾಕ್ಟರ್ ಕೂಡಿಸಬೇಕು. ಅದು ಧ್ವನಿಯನ್ನು ಆಪ್ಟಿಕಲ್ಲಿಗೆ ತಿರುಗಿಸಿ ಚಿತ್ರವನ್ನು ಮುಂದೆ ಬಿಡುತ್ತದೆ.

ಬ್ಲೂಟೂತ್ ಅತ್ಯಂತ ಸುಲಭದ ದಾರಿ, ಸಿನಿಮಾದ ಮಟ್ಟಿಗೆ ಅತ್ಯಂತ ದುರ್ಬಲವೂ ಹೌದು. ಅದರಲ್ಲಿ ಎರಡೇ ಚಾನೆಲ್, ಧ್ವನಿಯೂ ತಡವಾಗುತ್ತದೆ. ತುಟಿಗೂ ಮಾತಿಗೂ ಇರುವ ಅಂತರ ಧ್ವನಿ 45 ಮಿಲಿಸೆಕೆಂಡ್ ಮುಂದಾದಾಗ ಅಥವಾ 125 ಮಿಲಿಸೆಕೆಂಡ್ ಹಿಂದಾದಾಗ ನೋಡುಗನಿಗೆ ತಿಳಿಯಲಾರಂಭಿಸುತ್ತದೆ ಎನ್ನುತ್ತದೆ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸು. ಸಾಧಾರಣ ಬ್ಲೂಟೂತ್ ಈ ಗೆರೆಯನ್ನು ಸುಲಭವಾಗಿ ದಾಟುತ್ತದೆ. ಹಾಡು ಕೇಳಲು ಇದು ಬಾಧಕವಲ್ಲ. ವಾಯರಿನ ಜೋಡಣೆಯಲ್ಲಿ ತೊಂದರೆ ತಿರುಗುಮುರುಗಾಗಬಹುದು: ಟಿವಿ ಚಿತ್ರವನ್ನು ಸಂಸ್ಕರಿಸಲು ಸಮಯ ತೆಗೆದುಕೊಂಡು ಧ್ವನಿ ಮೊದಲು ಬರುತ್ತದೆ. ಆಗ ಸೆಟ್ಟಿನ ಅಥವಾ ಟಿವಿಯ ಆಡಿಯೋ ಡಿಲೇ ಸೆಟ್ಟಿಂಗಿನಲ್ಲಿ ಧ್ವನಿಯನ್ನು ಹಿಂದಕ್ಕೆ ಸರಿಸಬೇಕು, ಇಲ್ಲವೇ ಟಿವಿಯನ್ನು ಗೇಮ್ ಮೋಡಿಗೆ ಹಾಕಬೇಕು.

ಪಿನ್ನಿನ ಜೋಡಣೆಯಲ್ಲಿ ಬರುವ ಗುಂಯ್ ಎನ್ನುವ ಸದ್ದಿಗೆ ಬಹಳ ಸಲ ಕಾರಣ ಅರ್ಥಿಂಗಿನ ಸುತ್ತು. 50 ಹರ್ಟ್ಜ್‌ನ ವಿದ್ಯುತ್ತು ಮಾಳಿಗೆಯ ಡಿಶ್ ಕೇಬಲ್ಲಿನಿಂದಲೋ ಬೇರೆ ಬೋರ್ಡಿನ ಪ್ಲಗ್ಗಿನಿಂದಲೋ ಸುತ್ತಿಬಂದು ಆಂಪ್ಲಿಫೈಯರಿಗೆ ಸೇರುತ್ತದೆ. ಡಿಶ್ ಕೇಬಲ್ ಬಿಚ್ಚಿದಾಗ ಸದ್ದು ನಿಂತರೆ ಮೂಲ ಅಲ್ಲಿದೆ. ಎಲ್ಲ ಉಪಕರಣಗಳನ್ನು ಒಂದೇ ಬೋರ್ಡಿಗೆ ಹಚ್ಚುವುದು ಮೊದಲ ಪರಿಹಾರ, ಲೋಹದ ಸಂಪರ್ಕವೇ ಇಲ್ಲದ ಆಪ್ಟಿಕಲ್ ಖಚಿತ ಪರಿಹಾರ. ಸದ್ದು ನಿಲ್ಲಿಸಲೆಂದು ಪ್ಲಗ್ಗಿನ ಅರ್ಥ್ ಪಿನ್ನು ಮುರಿಯುವ ರೂಢಿ ಜೀವಕ್ಕೇ ಅಪಾಯ. ಮುಂಗಾರಿಗೆ ಮುಂಚಿನ ಗುಡುಗು-ಸಿಡಿಲಿನ ಹೊತ್ತಿನಲ್ಲಿ ಪ್ಲಗ್ಗಿನ ಜೊತೆಗೆ ಡಿಶ್ ಕೇಬಲ್ಲನ್ನೂ ಬಿಚ್ಚಿಡುವುದು ಕ್ಷೇಮ, ಏಕೆಂದರೆ ಜೋಡಣೆ ಹೆಚ್ಚಿದಂತೆ ಒಂದು ಉಪಕರಣದ ಪೆಟ್ಟು ಇನ್ನೊಂದಕ್ಕೂ ತಲುಪುತ್ತದೆ.

ಹಳೆಯದನ್ನು ಬಿಟ್ಟು ಸೌಂಡ್ ಬಾರ್ ಕೊಳ್ಳಿ ಎಂಬ ಸಲಹೆಯನ್ನು ಈ ಹಿನ್ನೆಲೆಯಲ್ಲಿ ಅಳೆಯಬೇಕು. ಒಂದೇ ಕೇಬಲ್ಲು, ಕಡಿಮೆ ಜಾಗ, ಒಂದೇ ರಿಮೋಟು ಅದರ ಗುಣಗಳು. ಆದರೆ ಅಗ್ಗದ 2.1 ಬಾರಿಗೆ ನಡುವಿನ ಚಾನೆಲ್ಲೂ ಇಲ್ಲ, ಹಿಂದಿನ ಬಾಕ್ಸುಗಳೂ ಇಲ್ಲ. ಆಪ್ಟಿಕಲ್, ಕೊಯಾಕ್ಸಿಯಲ್ ಅಥವಾ ಎಆರ್‌ಸಿ ಇರುವ, ಸುಸ್ಥಿತಿಯ ಹಳೆಯ ಸೆಟ್ಟು ಮಾತಿನ ಸ್ಪಷ್ಟತೆಯಲ್ಲಿ ಅದಕ್ಕಿಂತ ಮೇಲು. ಡಿಕೋಡರ್ ಇಲ್ಲದ 5.1 ಬಾಕ್ಸಿಗೆ ಆರು ಪಿನ್ನಿನ ಡಬ್ಬಿ ಕೂಡಿಸಿದರೆ ಸಾಕು. ಡಿಜಿಟಲ್ ಪ್ರವೇಶವಿಲ್ಲದ ಡಿವಿಡಿ ಸೆಟ್ಟನ್ನು ವಾಹಿನಿ ಮತ್ತು ಹಾಡುಗಳಿಗೆ ಕೆಂಪು-ಬಿಳಿ ವಾಯರಿನಲ್ಲೇ ಮುಂದುವರಿಸಬಹುದು. ಸಿನಿಮಾವೇ ಮುಖ್ಯವಾದ ಮನೆಗೆ ಅದು ಸಾಲದು. ವೂಫರಿನ ಅಂಚು ಹರಿದಿದ್ದರೆ ಅಥವಾ ಆಂಪ್ಲಿಫೈಯರಿನ ಒಂದು ಚಾನೆಲ್ ಸತ್ತಿದ್ದರೆ ದುರಸ್ತಿಯ ಖರ್ಚನ್ನು ಹೊಸದರ ಬೆಲೆಯ ಜೊತೆ ತೂಗಿ ನೋಡಿಯೇ ಮುಂದಿನ ತೀರ್ಮಾನ ಮಾಡಬೇಕು.