ಸೈಬರ್‌ಪಂಕ್ ಎಂಬ ಕ್ರೀಡಾಗ್ರಂಥ

ಕಾವ್ಯವನ್ನು ವಿಮರ್ಶಿಸುವಂತೆ ಕ್ರೀಡೆಯನ್ನೂ ವಿಮರ್ಶಿಸಬಹುದೇ ಎಂಬ ಪ್ರಶ್ನೆಯು ಮೈಸೂರು ಸೀಮೆಗೆ ಹೊಸದಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಶ್ರೀತತ್ತ್ವನಿಧಿಯಲ್ಲಿ ದೇವತಾಧ್ಯಾನಗಳನ್ನು ಸಂಗ್ರಹಿಸಿದಂತೆಯೇ, ಅದರ ಕೌತುಕನಿಧಿಯಲ್ಲಿ ಆಟಗಳಿಗೂ ಎಡೆಗೊಟ್ಟರು. ಆದುದರಿಂದ ಅಮೆರಿಕದ ಮೈಕ್ ಪಾಂಡ್‌ಸ್ಮಿತ್ ಎಂಬವರು 1988ರಲ್ಲಿ ಪ್ರಕಟಿಸಿದ, 1990ರಲ್ಲಿಯೂ 2020ರಲ್ಲಿಯೂ ಪರಿಷ್ಕೃತವಾಗಿ ಹೊರಬಂದ ‘ಸೈಬರ್‌ಪಂಕ್’ ಎಂಬ ಆಟವನ್ನು, ಹುಡುಗರ ಕಾಲಹರಣವೆಂದು ತಳ್ಳಿಬಿಡದೆ ಪರಿಶೀಲಿಸುವುದು ಉಚಿತವಾದುದು.

ಈ ಆಟಕ್ಕೆ ವೇಷವಿಲ್ಲ, ರಂಗವಿಲ್ಲ. ನಾಲ್ಕಾರು ಮಂದಿ ಮೇಜಿನ ಸುತ್ತ ಕುಳಿತು, ತಲೆಗೊಂದು ಪಾತ್ರವನ್ನು ವಹಿಸಿ, ಮಾತಿನಿಂದಲೇ ಕಥೆಯನ್ನು ನಡೆಸುವರು. ಒಬ್ಬನು ಹಾಡುಗಾರ, ಒಬ್ಬನು ಕೂಲಿಯ ಯೋಧ, ಒಬ್ಬಳು ಕಂಪ್ಯೂಟರ್ ಜಾಲದಲ್ಲಿ ಕನ್ನ ಕೊರೆಯುವವಳು, ಇನ್ನೊಬ್ಬನು ದಲ್ಲಾಳಿ. ಕಥೆಯ ಲೋಕವನ್ನು ವರ್ಣಿಸಿ, ಎದುರಾಳಿಗಳ ಮಾತನ್ನೂ ಆಡುವವನು ಸೂತ್ರಧಾರ. ಕರಾವಳಿಯ ತಾಳಮದ್ದಳೆಯನ್ನು ಬಲ್ಲವರಿಗೆ ಇದು ಅಪರಿಚಿತವೆನಿಸದು. ಅಲ್ಲಿಯೂ ಅರ್ಥಧಾರಿಗಳು ವೇಷವಿಲ್ಲದೆ ಕುಳಿತು ಆಶುವಾಗಿ ವಾದಿಸುವರು. ಆದರೆ ಒಂದು ಮುಖ್ಯವಾದ ಭೇದವುಂಟು. ಕೃಷ್ಣಸಂಧಾನದ ಪ್ರಸಂಗದಲ್ಲಿ ಕೃಷ್ಣನ ಪಾತ್ರಧಾರಿಯು ಎಷ್ಟೇ ಚತುರನಾಗಿರಲಿ, ಸಂಧಿಯು ಮುರಿದೇ ತೀರಬೇಕು. ಈ ಕ್ರೀಡೆಯಲ್ಲಾದರೋ ಮುಂದಿನ ಗತಿಯನ್ನು ಸೂತ್ರಧಾರನೂ ಅರಿಯನು. ಪಾತ್ರದ ಸಹಜಶಕ್ತಿಯ ಅಂಕಿ, ಅಭ್ಯಾಸದ ಅಂಕಿ, ಹತ್ತು ಮುಖದ ದಾಳದಲ್ಲಿ ಬಿದ್ದ ಅಂಕಿ, ಈ ಮೂರನ್ನೂ ಕೂಡಿಸಿ, ಕಾರ್ಯದ ಕಷ್ಟಕ್ಕೆ ಗೊತ್ತುಮಾಡಿದ ಅಂಕಿಯೊಡನೆ ಹೋಲಿಸಿ ಸೋಲುಗೆಲುವುಗಳನ್ನು ನಿರ್ಣಯಿಸುವರು. ದೈವಪುರುಷಕಾರಗಳ ಹಳೆಯ ಚರ್ಚೆಯು ಇಲ್ಲಿ ಕೂಡುಲೆಕ್ಕವಾಗಿದೆ.

ದಾಳವೆಂದೊಡನೆ ದ್ಯೂತವೆಂದು ಭಯಪಡುವುದು ಸಲ್ಲದು. ಇಲ್ಲಿ ಪಣವೇ ಇಲ್ಲ. ನಂಜನಗೂಡು, ತಿರುಮಕೂಡಲು ನರಸೀಪುರಗಳ ಜಗಲಿಗಳಲ್ಲಿ ಚೌಕಾಬಾರವಾಡಿದವರು ಇದನ್ನು ಸುಲಭವಾಗಿ ಗ್ರಹಿಸಬಲ್ಲರು. ಅಲ್ಲಿ ಕವಡೆ ಬಿದ್ದಂತೆ ಕಾಯಿ ನಡೆದು, ಕಡೆಗೆ ನಡುಮನೆಯನ್ನು ಸೇರಿ ಹಣ್ಣಾಗುವುದು. ಪಾಂಡ್‌ಸ್ಮಿತ್ತರ ಆಟದಲ್ಲಿ ಕಾಯಿಗೆ ಬದಲಾಗಿ ಮನುಷ್ಯಪಾತ್ರವಿದೆ. ಅದು ಹಣ್ಣಾಗತಕ್ಕ ನಡುಮನೆಯು ಮಾತ್ರ ಇಲ್ಲ.

ಗ್ರಂಥದ ಸತ್ತ್ವವಿರುವುದು ಒಂದೇ ನಿಯಮದಲ್ಲಿ. ಪಾತ್ರವು ಹಣ ತೆತ್ತು ಯಂತ್ರದ ಕಣ್ಣನ್ನೋ ತೋಳನ್ನೋ ಜೋಡಿಸಿಕೊಂಡರೆ ಬಲವು ಹೆಚ್ಚುವುದು. ಅದರೊಡನೆ ಮನುಷ್ಯತ್ವವೆಂಬ ಸಂಖ್ಯೆಯು ಕುಗ್ಗುವುದು. ಅದು ಕುಗ್ಗಿದಂತೆ ಪರರ ನೋವನ್ನು ಅರಿಯುವ ಶಕ್ತಿಯೂ ಕುಗ್ಗುವುದು. ಅದು ಪೂರ್ತಿಯಾಗಿ ಕರಗಿದಾಗ ಪಾತ್ರವು ಆಡುವವನ ಕೈತಪ್ಪಿ ಸೂತ್ರಧಾರನ ವಶವಾಗುವುದು. ಇಲ್ಲಿ ಒಂದು ವಿವೇಕವನ್ನು ಇಟ್ಟುಕೊಳ್ಳಬೇಕು: ಕಾಲು ಕಳೆದುಕೊಂಡವನು ಜೈಪುರದ ಕೃತಕಪಾದವನ್ನು ಧರಿಸಿ ನಡೆದರೆ ಅವನ ಮನುಷ್ಯತ್ವಕ್ಕೆ ಕೂದಲೆಳೆಯಷ್ಟೂ ಲೋಪವಿಲ್ಲ. ಕೊರತೆಯನ್ನು ತುಂಬಿಕೊಳ್ಳುವುದು ಬೇರೆ, ನೆರೆಯವನನ್ನು ಮೀರಲು ಮೈಯನ್ನೇ ಮಾರಿಕೊಳ್ಳುವುದು ಬೇರೆ. ಈ ಭೇದವನ್ನು ತಿಳಿದು ಆಡಿದರೆ ಆ ನಿಯಮವು ಉಪದೇಶವಿಲ್ಲದೆಯೇ ನೀತಿಯನ್ನು ಬೋಧಿಸುವುದು.

ಕೇಡಿನ ಕಾರಣವನ್ನು ಕುರಿತ ಕಲ್ಪನೆಯಲ್ಲಿಯೂ ಗ್ರಂಥವು ಸ್ವತಂತ್ರವಾಗಿದೆ. ಕಾಲಜ್ಞಾನದ ವಚನಕಾರರಿಗೆ ಕೇಡು ಕಾಲದಿಂದ ಬರುವುದು. ನರಸೀಪುರ ತಾಲ್ಲೂಕಿನ ತಲಕಾಡಿನಲ್ಲಿ ಗುಡಿಗಳನ್ನು ಮುಚ್ಚಿದ ಮರಳನ್ನು ಜನರು ಅಲಮೇಲಮ್ಮನ ಶಾಪದ ಫಲವೆನ್ನುವರು. ರಾಜನು ತಪ್ಪಿದನು, ಊರು ಅನುಭವಿಸಿತು. ಪಾಂಡ್‌ಸ್ಮಿತ್ತರ ನೈಟ್ ಸಿಟಿ ಎಂಬ ಕಲ್ಪಿತನಗರದಲ್ಲಿ ಶಪಿಸಿದವರಾರೂ ಇಲ್ಲ. ಕಂಪೆನಿಗಳು ರಾಜ್ಯಕ್ಕಿಂತ ದೊಡ್ಡವಾಗಿ ಬೆಳೆದಿವೆ. ಪ್ರಜೆಗಳು ತಾವೇ ಸಹಿ ಮಾಡಿ ಕೇಡನ್ನು ಬರಮಾಡಿಕೊಂಡಿದ್ದಾರೆ. ಲೋಕಕ್ಕಾಗಿ ನಂಜನ್ನುಂಡ ದೇವನ ಹೆಸರಿನ ಊರಿನಲ್ಲಿ, ಇಂದು ಕಾರ್ಖಾನೆಗಳೂ ಇರುವ ಆ ಊರಿನಲ್ಲಿ, ಕುಳಿತು ಇದನ್ನು ಓದುವವರಿಗೆ ಒಂದು ಮಾತು ಹೊಳೆಯದಿರದು: ಅಲ್ಲಿ ಅಮೃತವು ಕೆಲವರ ಪಾಲು, ನಂಜು ಎಲ್ಲರ ಪಾಲು, ಅದನ್ನು ಕಂಠದಲ್ಲಿ ತಡೆಯುವವನೊಬ್ಬನೂ ಇಲ್ಲ.

ದೋಷವನ್ನೂ ಹೇಳಬೇಕು. ತಿರುಳಿಗಿಂತ ಬೆಡಗು ಮೇಲೆಂಬುದನ್ನು ಗ್ರಂಥವು ಸೂತ್ರವಾಗಿಯೇ ಹಿಡಿದಿದೆ. ಆ ಲೋಕದ ಜನರ ಸ್ವಭಾವವಾಗಿ ಇದು ಒಪ್ಪುವುದು; ಆಡುವವರಿಗೆ ಆದರ್ಶವಾದರೆ ಒಪ್ಪದು. ಆಯುಧಗಳ ಪಟ್ಟಿ ಬೆಳೆದಷ್ಟು ಕರುಣೆಗೆ ಎಡೆಯು ಬೆಳೆದಿಲ್ಲ. ಕ್ಷೇಮೇಂದ್ರನು ಔಚಿತ್ಯವೇ ಕಾವ್ಯದ ಜೀವಿತವೆಂದು ಭಾವಿಸಿದನು. ಕೇಡನ್ನು ಸೊಗಸಾಗಿ ಚಿತ್ರಿಸಿ ಅದರಲ್ಲಿಯೇ ರಮಿಸುವಂತೆ ಮಾಡುವುದು ಆ ಔಚಿತ್ಯಕ್ಕೆ ಭಂಗ.

ಆದರೂ ಈ ದೋಷವನ್ನು ಪರಿಹರಿಸುವ ಶಕ್ತಿಯು ಆಟದ ರೂಪದಲ್ಲಿಯೇ ಅಡಗಿದೆ. ಪುಸ್ತಕದ ಓದುಗನು ಕಥಾನಾಯಕನ ತಪ್ಪಿಗೆ ಮರುಗಬಲ್ಲನಲ್ಲದೆ ಅದನ್ನು ತಡೆಯಲಾರನು, ಇಲ್ಲಿ ತಡೆಯಬಲ್ಲನು. ಗಾಯಗೊಂಡ ಜೊತೆಗಾರನನ್ನು ಬಿಟ್ಟು ಹಣದೊಡನೆ ಓಡುವುದೋ, ನಿಲ್ಲುವುದೋ? ದಾಳವು ನಿಂತವನ ಗೆಲುವನ್ನು ನಿರ್ಣಯಿಸೀತು, ನಿಲ್ಲಬೇಕೆಂಬುದನ್ನು ನಿರ್ಣಯಿಸದು. ಆ ನಿರ್ಣಯವನ್ನು ಮೇಜಿನ ಸುತ್ತ ಕುಳಿತ ಸ್ನೇಹಿತರ ಎದುರಿನಲ್ಲಿ, ಬಾಯಿಬಿಟ್ಟು, ತಾನೇ ಹೇಳಬೇಕು. ಮನೆಯ ಮಕ್ಕಳು ಇದನ್ನು ಆಡುತ್ತಿದ್ದರೆ ಹಿರಿಯರು ಗದರದೆ ಪಕ್ಕದಲ್ಲಿ ಕುಳಿತು ಆ ಒಂದು ಮಾತನ್ನು ಕೇಳಲಿ. ಆಟದ ಗುಣದೋಷಗಳು ಅಲ್ಲಿಯೇ ತಿಳಿಯುವುವು.