ಹಳೆಯ ಎಪಿಐ, ಹೊಸ ಸರ್ವರ್

  ಲಿನಕ್ಸ್‌ಗೆ ಸೌಂಡ್ ಸರ್ವರೇ ಬೇಡ, ಕರ್ನಲ್‌ನ ಧ್ವನಿ ವ್ಯವಸ್ಥೆಯಾದ ಆಲ್ಸಾ ಒಂದೇ ಸಾಕು ಎನ್ನುವ ಹಳೆಯ ವಾದಕ್ಕೆ ಉತ್ತರ ಕೊಡದೆ ಇರಲು ಮನಸ್ಸಿಲ್ಲ. ಆಲ್ಸಾದ ಡಿಮಿಕ್ಸ್ ಹಲವು ಪ್ರೋಗ್ರಾಮ್‌ಗಳ ಧ್ವನಿಯನ್ನು ಬೆರೆಸುತ್ತದೆ, ನಿಜ. ಆದರೆ ಎಲ್ಲವೂ ಒಂದೇ ಸ್ಯಾಂಪಲ್ ರೇಟ್‌ಗೆ ಇಳಿಯಬೇಕು. ಇನ್ನು ಬ್ಲೂಟೂತ್ ಹೆಡ್‌ಫೋನ್ ಆಲ್ಸಾಗೆ ಸೌಂಡ್ ಕಾರ್ಡಾಗಿ ಕಾಣುವುದೇ ಇಲ್ಲ. ಅದನ್ನು ಆಲ್ಸಾಗೆ ಜೋಡಿಸುವ ಬ್ಲೂಆಲ್ಸಾ ಕೂಡ ಹಿನ್ನೆಲೆಯಲ್ಲಿ ಸದಾ ಓಡುವ ಒಂದು ಡೀಮನ್. ಸರ್ವರ್ ಬೇಡ ಎನ್ನುವವರ ಮನೆಯಲ್ಲೂ ಸರ್ವರ್ ಇದೆ, ಹೆಸರು ಮಾತ್ರ ಬೇರೆ.

ಹಾಗಾದರೆ ಯಾವ ಸರ್ವರ್? ಪಲ್ಸ್‌ಆಡಿಯೊ ಮತ್ತು ಜಾಕ್ ಎಂಬ ಎರಡು ಸೌಂಡ್ ಸರ್ವರ್‌ಗಳು ವರ್ಷಗಟ್ಟಲೆ ಒಂದೇ ಕಾರ್ಡಿಗಾಗಿ ಕಾದಾಡಿದ್ದಕ್ಕೆ ಕಾರಣ ಕೆಟ್ಟ ಕೋಡ್ ಅಲ್ಲ, ಎರಡರ ಗುರಿಯೇ ಎದುರುಬದುರು. 2007ರ ಫೆಡೋರಾ 8ರಿಂದ ಡೆಸ್ಕ್‌ಟಾಪ್‌ಗೆ ಬಂದ ಪಲ್ಸ್‌ಆಡಿಯೊಗೆ ಬ್ಯಾಟರಿ ಉಳಿಯಬೇಕು. ಆದ್ದರಿಂದ ಅದು ದೊಡ್ಡ ಬಫರ್ ತುಂಬಿಸಿಟ್ಟು ಪ್ರೊಸೆಸರನ್ನು ನಿದ್ದೆಗೆ ಬಿಡುತ್ತದೆ. ಪಾಲ್ ಡೇವಿಸ್ ತಮ್ಮ ರೆಕಾರ್ಡಿಂಗ್ ಪ್ರೋಗ್ರಾಮ್ ಆರ್ಡರ್‌ಗಾಗಿ ಕಟ್ಟಿದ ಜಾಕ್‌ನಲ್ಲಿ ಎಲ್ಲ ಪ್ರೋಗ್ರಾಮ್‌ಗಳೂ ಒಂದೇ ತಾಳಕ್ಕೆ ಕೂತ ಪಕ್ಕವಾದ್ಯದವರಂತೆ, ಪ್ರತಿ ಆವರ್ತದೊಳಗೆ ತಮ್ಮ ಕೆಲಸ ಮುಗಿಸಲೇಬೇಕು. ತಪ್ಪಿದರೆ ಎಕ್ಸ್‌ರನ್, ಕಿವಿಗೆ ಚಟ್ ಎಂಬ ಸದ್ದು. ಎರಡಕ್ಕೂ ಸೇತುವೆ ಹಾಕಿದರು, ಕಾರ್ಡನ್ನು ಬಿಟ್ಟುಕೊಡುವ ಒಪ್ಪಂದವನ್ನೂ ಮಾಡಿಸಿದರು. ಗುರಿಗಳ ಅಂತರ ಮಾತ್ರ ಹಾಗೇ ಉಳಿಯಿತು.

ರೆಡ್ ಹ್ಯಾಟ್‌ನ ವಿಮ್ ಟೇಮನ್ಸ್ ಕಟ್ಟಿದ ಹೊಸ ಸರ್ವರ್ ಪೈಪ್‌ವೈರ್ ಈ ಗಂಟನ್ನು ಬಿಡಿಸಿದ್ದು, ಪ್ರೋಗ್ರಾಮ್ ಬರೆದವರನ್ನು ಏನೂ ಬದಲಿಸಲು ಕೇಳದೆ. ಬ್ರೌಸರ್ ತಾನು ಪಲ್ಸ್‌ಆಡಿಯೊ ಜೊತೆ ಮಾತಾಡುತ್ತಿದ್ದೇನೆಂದೇ ತಿಳಿಯುತ್ತದೆ, ಆರ್ಡರ್ ಜಾಕ್ ಜೊತೆ. ಎರಡೂ ಸೇರುವುದು ಪ್ರೋಗ್ರಾಮ್‌ಗಳನ್ನೂ ಕಾರ್ಡನ್ನೂ ಜೋಡಿಸುವ ಒಂದೇ ಗ್ರಾಫಿನಲ್ಲಿ. ಯಾರೂ ಅವಸರ ಮಾಡದಿದ್ದರೆ ಕ್ವಾಂಟಮ್, ಅಂದರೆ ಒಂದು ಆವರ್ತದ ಗಾತ್ರ, 1024 ಫ್ರೇಮ್, ಅಂದರೆ 48,000 ಹರ್ಟ್ಸ್‌ನಲ್ಲಿ ಸುಮಾರು 21 ಮಿಲಿಸೆಕೆಂಡ್. ಯಾವುದೋ ಪ್ರೋಗ್ರಾಮ್ 128 ಕೇಳಿದರೆ ಇಡೀ ಗ್ರಾಫ್ 2.7 ಮಿಲಿಸೆಕೆಂಡಿಗೆ ಇಳಿಯುತ್ತದೆ, ಅದು ಮುಚ್ಚಿದ ಮೇಲೆ ಮತ್ತೆ ಏರುತ್ತದೆ. ಉಳಿತಾಯ, ವೇಗ ಎರಡೂ ಒಂದೇ ಸರ್ವರ್‌ನ ಎರಡು ನಡೆಗಳಾದವು. 2021ರ ಫೆಡೋರಾ 34 ಇದನ್ನೇ ಡೀಫಾಲ್ಟ್ ಮಾಡಿತು, 1.0 ಆವೃತ್ತಿ ಬಂದದ್ದು 2023ರಲ್ಲಿ.

ಜಾಕ್ ಪಂಥದವರ ಆಕ್ಷೇಪವೊಂದನ್ನು ಮಾತ್ರ ತಳ್ಳಿಹಾಕುವಂತಿಲ್ಲ: ರೆಕಾರ್ಡಿಂಗ್ ನಡುವೆ ಬಫರ್ ಗಾತ್ರ ಬದಲಾಗಬಾರದು. ಪೂರ್ತಿ ಒಪ್ಪುತ್ತೇನೆ. ಆದರೆ ಪೈಪ್‌ವೈರ್‌ನಲ್ಲಿ ಕ್ವಾಂಟಮ್ಮನ್ನು ಒಂದೇ ಸಂಖ್ಯೆಗೆ ಕಟ್ಟಿಹಾಕಬಹುದು, ಸ್ಟುಡಿಯೊ ಕೆಲಸಕ್ಕೆ ಪ್ರೊ ಆಡಿಯೊ ಪ್ರೊಫೈಲ್ ಇದೆ. ಜೊತೆಗೆ ಈ ವಾದದಲ್ಲಿ ನಿಜವಾಗಿ ಗೆದ್ದದ್ದು ಜಾಕ್‌ನ ವಿನ್ಯಾಸವೇ ಎಂಬುದನ್ನು ಅವರು ಮರೆಯುತ್ತಾರೆ. ಆವರ್ತಕ್ಕೊಮ್ಮೆ ಎಲ್ಲರನ್ನೂ ಕರೆಯುವ ಅದೇ ಗ್ರಾಫ್ ಈಗ ಸಾಮಾನ್ಯ ಲ್ಯಾಪ್‌ಟಾಪಿನಲ್ಲೂ ಓಡುತ್ತಿದೆ. ಹಾಗಾಗಿ ಸಂಗೀತದ ಸಾಫ್ಟ್‌ವೇರ್ ಬರೆಯುವವರಲ್ಲಿ ಒಂದು ಕೋರಿಕೆ: ನೇರ ಆಲ್ಸಾಗೆ ಬರೆದು ಕಾರ್ಡನ್ನು ಹಿಡಿದಿಟ್ಟುಕೊಳ್ಳಬೇಡಿ, ಜಾಕ್ ಎಪಿಐಗೆ ಬರೆಯಿರಿ. ಜಾಕ್ ಮೇಲೂ ಓಡುತ್ತದೆ, ಪೈಪ್‌ವೈರ್ ಮೇಲೂ ಓಡುತ್ತದೆ.