ಒಂದನ್ನು ಒತ್ತಿ, ಎರಡನ್ನು ಒತ್ತಿ, ಸುಮ್ಮನೆ ಕಾಯಿರಿ

ಕಳೆದ ಆಷಾಢದಲ್ಲಿ ನಮ್ಮ ತಾಯಿಯವರಿಗೆ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಾಯಿತು. ಅವರು ಕಲಬುರಗಿ ಸೀಮೆಯವರು, ವಯಸ್ಸು ಎಪ್ಪತ್ತನಾಲ್ಕು. ಮಣಿಕೊಂಡದ ನಮ್ಮ ಮನೆಗೆ ಬಂದು ಎಂಟು ವರ್ಷವಾದರೂ ಕನ್ನಡ, ಜೊತೆಗೆ ಊರ ಸಂತೆಯಲ್ಲಿ ಕಲಿತ ದಖ್ಖನಿ, ಇವೆರಡೇ ಅವರ ಬಂಡವಾಳ. ಮರುದಿನ ನಾವು ಕೋಠಿಯ ಕಚೇರಿಯಲ್ಲಿದ್ದಾಗ ಅವರ ಕಣ್ಣು ವಿಪರೀತ ನೋಯತೊಡಗಿತು. ತೊಂದರೆಯಾದರೆ ಕೂಡಲೇ ಕರೆಯಿರಿ ಎಂದು ಆಸ್ಪತ್ರೆಯವರು ಕೊಟ್ಟಿದ್ದ ಸಂಖ್ಯೆಗೆ ಅವರೇ ಹೇಗೋ ಫೋನು ಹಚ್ಚಿದರು.

ಉತ್ತರಿಸಿದ್ದು ಯಂತ್ರ. ಇಂಗ್ಲಿಷಿಗೆ ಒಂದು, ತೆಲುಗಿಗೆ ಎರಡು, ಹಿಂದಿಗೆ ಮೂರು. ಮೊಬೈಲನ್ನು ಕಿವಿಗಿಟ್ಟರೆ ಪರದೆ ಕಪ್ಪಾಗುತ್ತದೆ, ಕಣ್ಣೆದುರು ಹಿಡಿದರೆ ಮಾತು ಕೇಳಿಸದು. ಒಂದು ಕಣ್ಣಿಗೆ ಪಟ್ಟಿ ಬೇರೆ! ಮೂರನ್ನು ಒತ್ತಿದ ಮೇಲೆ ಐದು ಬಾಗಿಲುಗಳು: ಹೊಸ ರೋಗಿ, ವರದಿ, ಬಿಲ್ಲು, ವಿಮೆ, ಉದ್ಯೋಗ. 'ನಿನ್ನೆ ಕೊಯ್ದ ಕಣ್ಣು ಇಂದು ನೋಯುತ್ತಿದೆ' ಎಂಬುದಕ್ಕೆ ಬಾಗಿಲೇ ಇಲ್ಲ. ಬಳಿಕ ಹನ್ನೊಂದು ನಿಮಿಷ ವಾದ್ಯಸಂಗೀತ, ಆಮೇಲೆ ಕರೆ ಕಡಿಯಿತು. ನಾವು ಓಡಿಬಂದು ಆಸ್ಪತ್ರೆಗೆ ಕರೆದೊಯ್ದಾಗ ಕಣ್ಣಿನೊಳಗೆ ಒತ್ತಡ ಏರಿದೆಯೆಂದು ವೈದ್ಯರು ಔಷಧ ಹಾಕಿ ಇಳಿಸಿದರು. ಬೇಗ ಕರೆತಂದದ್ದು ಒಳ್ಳೆಯದಾಯಿತೆಂದರು. ತಡವಾಗಿದ್ದರೆ ಎಂಬ ಪ್ರಶ್ನೆ ಮಾತ್ರ ನಮ್ಮೊಳಗೆ ಉಳಿದುಬಿಟ್ಟಿದೆ.

ಯಂತ್ರವನ್ನು ಬಯ್ಯುವುದು ನಮ್ಮ ಉದ್ದೇಶವಲ್ಲ. ಕರೆಯನ್ನು ತಾನೇ ದಾರಿ ಹಚ್ಚುವ ಸ್ವಿಚ್ಚಿಗೆ 1891ರಲ್ಲಿ ಪೇಟೆಂಟ್ ಪಡೆದ ಅಮೆರಿಕದ ಆಲ್ಮನ್ ಸ್ಟ್ರೋಜರ್ ಶವಸಂಸ್ಕಾರದ ವ್ಯಾಪಾರಿ. ತನ್ನ ಗಿರಾಕಿಗಳ ಕರೆಗಳನ್ನು ಆಪರೇಟರು ಪ್ರತಿಸ್ಪರ್ಧಿಯ ಕಡೆಗೆ ತಿರುಗಿಸುತ್ತಿದ್ದಾಳೆಂಬ ಗುಮಾನಿಯೇ ಆ ಶೋಧಕ್ಕೆ ಕಾರಣವೆಂದು ಪ್ರತೀತಿ. ನಮ್ಮ ಕಿತ್ತೂರಿನಲ್ಲೇ 1986ರಲ್ಲಿ ಸಿ-ಡಾಟ್ ಸಂಸ್ಥೆಯ ಮೊದಲ ಗ್ರಾಮೀಣ ಸ್ವಯಂಚಾಲಿತ ಎಕ್ಸ್‌ಚೇಂಜು ಕೆಲಸಕ್ಕೆ ಬಂದಾಗ ಹಳ್ಳಿಗರಿಗೆ ಆದದ್ದು ಉಪಕಾರವೇ. ಆ ಯಂತ್ರಗಳು ಕರೆದವನನ್ನು ಅವನು ಬಯಸಿದವರ ಬಳಿಗೆ ಒಯ್ಯುತ್ತಿದ್ದವು. ಇಂದಿನ ವ್ಯವಸ್ಥೆ ಅನೇಕ ಕಡೆ ಅವನನ್ನು ಹೊರಗೇ ನಿಲ್ಲಿಸುವ ಕಾವಲುಗಾರನಾಗಿದೆ. ನಮ್ಮ ಆಕ್ಷೇಪಣೆ ಇದಕ್ಕೆ.

ದೋಷ ಯೋಜನೆಯಲ್ಲಿದೆ. ಮೊದಲು ಬಟನ್ನುಗಳ ಪಟ್ಟಿ ಬರೆದು, ಜನರ ಲೆಕ್ಕವನ್ನು ಕೊನೆಗೆ ಹಾಕುತ್ತಾರೆ, ಆಗಬೇಕಾದದ್ದು ತಿರುಗಾಮುರುಗಾ. ಡೆನ್ಮಾರ್ಕಿನ ಗಣಿತಜ್ಞ ಎರ್ಲಾಂಗ್ 1917ರಲ್ಲೇ ಇದಕ್ಕೆ ಸೂತ್ರ ಕೊಟ್ಟಿದ್ದಾರೆ. ಗಂಟೆಗೆ 30 ಕರೆ, ಒಂದೊಂದಕ್ಕೆ 4 ನಿಮಿಷದ ಮಾತು ಎನ್ನಿ. ಒಟ್ಟು 120 ನಿಮಿಷ, ಎಂದರೆ ಇಬ್ಬರಿಗೆ ಪೂರ್ತಿ ಕೆಲಸ. ಇಬ್ಬರನ್ನೇ ಕೂಡಿಸಿದರೆ ಸರತಿ ಬೆಳೆಯುತ್ತಲೇ ಹೋಗುತ್ತದೆ, ಏಕೆಂದರೆ ಕರೆಗಳು ಬಸ್ಸಿನಂತೆ ವೇಳಾಪಟ್ಟಿ ನೋಡಿಕೊಂಡು ಬರುವುದಿಲ್ಲ. ಮೂವರಿದ್ದರೆ ನೂರಕ್ಕೆ ಸುಮಾರು 44 ಕರೆಗಳು ಕಾಯಬೇಕು, ನಾಲ್ವರಿದ್ದರೆ ಸುಮಾರು 17. ಆ ನಾಲ್ಕನೆಯವನ ಸಂಬಳವನ್ನು ಉಳಿಸಿ ಆ ಹಣದಲ್ಲಿ ವಾದ್ಯಸಂಗೀತ ಕೇಳಿಸುವುದು ಯೋಜನೆಯಲ್ಲ.

ಎರಡನೆಯ ಮಾತು, ಬಾಗಿಲುಗಳದ್ದು. ಅವು ಸಂಸ್ಥೆಯ ವಿಭಾಗಗಳ ಹೆಸರಿನಲ್ಲಿರಬಾರದು, ಕರೆಯುವವರ ತಾಪತ್ರಯಗಳ ಹೆಸರಿನಲ್ಲಿರಬೇಕು. ಅವಸರದ್ದು ಮೊದಲು. ಯಾವ ಹಂತದಲ್ಲೇ ಆಗಲಿ, ಮನುಷ್ಯರ ಬಳಿಗೆ ಹೋಗುವ ಒಂದು ಬಟನ್ನು ಇರಲೇಬೇಕು. ರೈಲ್ವೆಯ 139ರಲ್ಲಿ ನಕ್ಷತ್ರದ ಗುರುತನ್ನು ಒತ್ತಿದರೆ ಸಿಬ್ಬಂದಿಯೊಡನೆ ಮಾತನಾಡುವ ಏರ್ಪಾಡಿದೆ. ಆ ಸೇವೆ ಹನ್ನೆರಡು ಭಾಷೆಗಳಲ್ಲಿದೆ, ಸಾದಾ ಫೋನಿಗೂ ದಕ್ಕುತ್ತದೆ. ಅಷ್ಟು ದೊಡ್ಡ ಇಲಾಖೆಗೆ ಸಾಧ್ಯವಾದದ್ದು ಒಂದು ಆಸ್ಪತ್ರೆಗೆ ಅಸಾಧ್ಯವೇ?

ಇನ್ನು ಭಾಷೆ. ಹೈದರಾಬಾದಿನ ಪ್ರತಿ ಸಂಸ್ಥೆಯೂ ಕನ್ನಡಕ್ಕೆ ನಾಲ್ಕನ್ನು ಒತ್ತಿ ಎನ್ನಬೇಕೆಂದು ನಾವು ಹಟ ಹಿಡಿಯುವುದಿಲ್ಲ. ಆದರೆ ಇಲ್ಲಿಯ ಯಾವ ಸಾಮಾನ್ಯ ಸಿಬ್ಬಂದಿ ಫೋನೆತ್ತಿದ್ದರೂ ತಾಯಿಯವರ ಮುರುಕು ದಖ್ಖನಿ ಅರ್ಧ ನಿಮಿಷದಲ್ಲಿ ಅರ್ಥವಾಗುತ್ತಿತ್ತು. ಮನುಷ್ಯನಿಗೆ ಅರೆಭಾಷೆಯೂ ಭಾಷೆಯೇ, ಬಟನ್ನಿಗೆ ಹಾಗಲ್ಲ.

ಇಷ್ಟೆಲ್ಲ ಬರೆದ ನಾವೂ ಕೇಂದ್ರ ಸರ್ಕಾರದ ಗುಮಾಸ್ತರೇ. 'ಇದು ನಮ್ಮ ಸೆಕ್ಷನ್ ಅಲ್ಲ, ಆ ಕಿಟಕಿಗೆ ಹೋಗಿ' ಎಂದು ಎಷ್ಟು ಮಂದಿ ವೃದ್ಧರನ್ನು ನಾವು ದಾರಿ ಹಚ್ಚಿದ್ದೇವೋ! ಯಂತ್ರ ಕಲಿತದ್ದು ನಮ್ಮಂಥವರಿಂದಲೇ ಇರಬೇಕು. ಓದುಗರಲ್ಲಿ ಅನೇಕರು ಕಂಪನಿಗಳಲ್ಲಿ ಇಂಥ ವ್ಯವಸ್ಥೆ ರೂಪಿಸುವ ಕೆಲಸದಲ್ಲಿದ್ದೀರಿ. ಮಂಜೂರಾತಿಯ ಸಹಿ ಹಾಕುವ ಮುನ್ನ ಮನೆಗೆ ಹೋಗಿ, ನಿಮ್ಮ ತಾಯಿಯವರ ಕೈಗೆ ಫೋನು ಕೊಟ್ಟು, ಆ ಸಂಖ್ಯೆಗೆ ಒಮ್ಮೆ ಕರೆ ಮಾಡಿಸಿ ನೋಡಿ. ನೀವು ಮಾತ್ರ ಪಕ್ಕದಲ್ಲಿ ಕುಳಿತು ಬಾಯಿ ಬಿಡಬೇಡಿ.